ಪೆಡಲಿನ ಮೇಲಿನ ಕಾಲು

1994ರ ಬೇಸಿಗೆ. ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದಿತ್ತು. ಸೇಡಂ ಸೀಮೆಯ ಬಿಸಿಲು ಬಲ್ಲವರಿಗೆ ಆ ರಜೆ ಹೇಗಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ. ಆದಿತ್ಯನಗರದ ಸಿಮೆಂಟ್ ಕಾರ್ಖಾನೆಯ ಚಿಮಣಿ ಕಾಣುವಷ್ಟು ದೂರದಲ್ಲಿ ನಮ್ಮ ತೊಗರಿ ಹೊಲ. ನಮ್ಮ ಕಡೆ ಮಣ್ಣಿನ ಕೆಳಗೆಲ್ಲ ಸುಣ್ಣಕಲ್ಲು. ಅದೇ ಕಲ್ಲು ಕಾರ್ಖಾನೆಗೆ ಹೋದರೆ ಸಿಮೆಂಟು, ಶಹಾಬಾದಿನ ಗಣಿಯಲ್ಲಿ ಹಾಳೆಹಾಳೆಯಾಗಿ ಎದ್ದರೆ ಮನೆಯ ಫರಸಿ. ಆ ವರ್ಷ ಹೊಸ ಮನೆಯ ಅಡಿಪಾಯಕ್ಕೆಂದು ಅಪ್ಪ ನಮ್ಮದೇ ಟ್ರ್ಯಾಕ್ಟರಿನಲ್ಲಿ ಕಲ್ಲು ತರಿಸುತ್ತಿದ್ದರು.

ಡ್ರೈವರ್ ಕಾಕಾನಿಗೆ ನನ್ನ ಮೇಲೆ ಬಲು ಪ್ರೀತಿ. ಊರು ದಾಟಿ ಹೊಲದ ದಾರಿ ಹಿಡಿದ ಮೇಲೆ ಸ್ಟೇರಿಂಗ್ ನನ್ನ ಕೈಗೆ ಬರುತ್ತಿತ್ತು. ಮೊದಲ ದಿನವೇ ಅವನು ಹೇಳಿದ್ದ: “ಕ್ಲಚ್ ಒತ್ತಲಾಕ ಅದ ತಮ್ಮಾ, ಕಾಲ ಇಡಲಾಕ ಅಲ್ಲ.” ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಬಾರದೆಂದೂ ಅವನೇ ಕಲಿಸಿದ. ಗೇರು ಬಿಟ್ಟರೆ ಇಂಜಿನ್ನಿನ ಹಿಡಿತ ತಪ್ಪುತ್ತದೆ. ಬ್ರೇಕಿಲ್ಲದ ಟ್ರಾಲಿ ಹಿಂದಿನಿಂದ ನೂಕಿ ಟ್ರ್ಯಾಕ್ಟರನ್ನೇ ಅಡ್ಡ ತಿರುಗಿಸುತ್ತದೆ. ಏರುವಾಗ ಬೇಕಾದ ಗೇರೇ ಇಳಿಯುವಾಗಲೂ ಇರಬೇಕು, ಅದೂ ಇಳಿಜಾರು ಶುರುವಾಗುವ ಮೊದಲೇ.

ಎರಡನೆಯ ಮಾತನ್ನು ಹೆದರಿ ಪಾಲಿಸಿದೆ. ಮೊದಲನೆಯದನ್ನು ಮರೆತೆ. ಎಲ್ಲಿ ಗಾಡಿ ಬಂದ್ ಬೀಳುವುದೋ ಎಂಬ ಅಂಜಿಕೆಯಲ್ಲಿ ನನ್ನ ಎಡಗಾಲು ಸದಾ ಪೆಡಲಿನ ಮೇಲೆಯೇ ಕುಳಿತಿರುತ್ತಿತ್ತು.

ಹದಿನೈದು ದಿನ ಕಳೆದಿರಬೇಕು. ಟ್ರಾಲಿಯಲ್ಲಿ ಒಂದು ಬ್ರಾಸ್, ಅಂದರೆ 100 ಘನ ಅಡಿ ಕಲ್ಲು. ತೂಕ ಹೆಚ್ಚುಕಡಿಮೆ ನಾಲ್ಕು ಟನ್. ಅಂದು ಗಾಡಿ ಕಾಕಾನ ಕೈಯಲ್ಲೇ ಇತ್ತು. ಹಳ್ಳ ದಾಟಿ ಏರು ಹತ್ತುವಾಗ ಇಂಜಿನ್ ಗರ್ಜಿಸಿತು, ಚಕ್ರ ಮಾತ್ರ ಮುಂದೆ ಹೋಗಲೊಲ್ಲದು. ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಕಾಕಾ ನನ್ನ ಕಡೆ ಒಮ್ಮೆ ನೋಡಿ, ಕೆಳಗಿಳಿದು ಚಕ್ರಗಳಿಗೆ ಕಲ್ಲು ಕೊಟ್ಟ.

ಕ್ಲಚ್ ಪ್ಲೇಟ್ ಬದಲಿಸುವುದು ಪಂಕ್ಚರ್ ಹಾಕಿದಂತಲ್ಲ. ಇಂಜಿನ್ ಒಂದು ಕಡೆ, ಗೇರ್‌ಬಾಕ್ಸ್ ಇನ್ನೊಂದು ಕಡೆ, ಟ್ರ್ಯಾಕ್ಟರನ್ನೇ ಎರಡು ಹೋಳು ಮಾಡಬೇಕು. ಮಿಸ್ತ್ರಿ ಚಾಚಾ ಪ್ಲೇಟ್ ಹೊರತೆಗೆದರು. ಲೈನಿಂಗ್ ಸವೆದು ಕರಿ ಹಿಡಿದಿತ್ತು. ಅದಕ್ಕೆ ಒತ್ತಿ ಕೂಡುವ ಕಬ್ಬಿಣ ಕಾದು ನೀಲಿಯಾಗಿತ್ತು. “ಇದು ಲೋಡಿಗಿ ಸುಟ್ಟಿದ್ದಲ್ಲ ಸಾವಕಾರ್ರ. ಯಾರೋ ಪೆಡಲ್ ಮ್ಯಾಲ ಕಾಲ ಇಟ್ಕೊಂಡೇ ಗಾಡಿ ಹೊಡದಾರ,” ಎಂದರು. ಕಾಲಿನ ಭಾರ ಸ್ವಲ್ಪವೇ ಇದ್ದರೂ ಪ್ಲೇಟಿನ ಹಿಡಿತ ಸಡಿಲುತ್ತದೆ. ಅದು ಪೂರ್ತಿ ಕಚ್ಚುವುದಿಲ್ಲ, ಪೂರ್ತಿ ಬಿಡುವುದೂ ಇಲ್ಲ. ಹಿಂದೆ ಭಾರ ಎಳೆಯುತ್ತಿದ್ದರೆ ಉಜ್ಜಿ ಉಜ್ಜಿ ಸುಟ್ಟುಹೋಗುತ್ತದೆ.

ಅಪ್ಪ ಕಾಕಾನ ಕಡೆ ತಿರುಗಿದರು. “ಇಷ್ಟು ವರ್ಷ ಗಾಡಿ ಹೊಡದು ಇದು ತಿಳೀಲಿಲ್ಲೇನೋ? ಪ್ಲೇಟಿನ ರೊಕ್ಕ ನಿನ್ನ ಪಗಾರದಾಗ ಹಿಡೀತೀನಿ.” ಕಾಕಾ ತಲೆ ತಗ್ಗಿಸಿ ನಿಂತ. ನಾನು ನೀರಿನ ಕೊಡ ಹಿಡಿದು ಅಲ್ಲೇ ನಿಂತಿದ್ದೆ. ಮಾತು ಬೆಳ್ಳಿ, ಮೌನ ಬಂಗಾರ ಎಂದು ನಮ್ಮ ಶಾಲೆಯ ಗೋಡೆಯ ಮೇಲೆ ಬರೆದಿತ್ತು. ಆ ದಿನದ ನನ್ನ ಬಂಗಾರಕ್ಕೆ ಬೆಲೆ ತೆತ್ತವನು ಕಾಕಾ.

ನಾಲ್ಕು ರಾತ್ರಿ ನಿದ್ದೆ ಬರಲಿಲ್ಲ. ಐದನೆಯ ದಿನ ಊಟಕ್ಕೆ ಕುಳಿತಾಗ ಅಪ್ಪನಿಗೆ ಎಲ್ಲ ಹೇಳಿಬಿಟ್ಟೆ. ಹೊಡೆಯುತ್ತಾರೆಂದುಕೊಂಡಿದ್ದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, “ನನಗ ಹೇಳಿದ್ರ ಏನಾಯ್ತು? ನಡಿ, ಅವನ ಮನಿಗೆ,” ಎಂದು ಎದ್ದರು. ಕಾಕಾನ ಅಂಗಳದಲ್ಲಿ ಅಪ್ಪ ತಾವೇ ಮೊದಲು, “ತಪ್ಪಾತಪ್ಪಾ, ವಿಚಾರ ಮಾಡದ ಅಂದೆ,” ಎಂದರು. ನನ್ನ ಮಾತು ಗಂಟಲಲ್ಲೇ ಉಳಿಯಿತು. ಕಾಕಾ ನನ್ನ ಭುಜದ ಮೇಲೆ ಕೈಯಿಟ್ಟು, “ಸಣ್ಣ ಹುಡುಗನ ಕೈಯಾಗ ಗಾಡಿ ಕೊಟ್ಟವ ನಾನು. ಮೊದಲನೇ ತಪ್ಪು ನಂದು,” ಎಂದ.

ಆ ಮಾತು ಈಗ ಹೆಚ್ಚು ಅರ್ಥವಾಗುತ್ತದೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಂತೆ ಅಪ್ರಾಪ್ತ ವಯಸ್ಸಿನ ಮಕ್ಕಳು ಗಾಡಿ ಓಡಿಸಿ ಅಪರಾಧ ಮಾಡಿದರೆ ಪೋಷಕರಿಗೆ ಇಲ್ಲವೆ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, ಜೊತೆಗೆ 25,000 ರೂಪಾಯಿ ದಂಡ. ಅಂದು ನಮ್ಮಲ್ಲಿ ಸುಟ್ಟದ್ದು ಪ್ಲೇಟು ಮಾತ್ರ. ಆ ಏರಿನಲ್ಲಿ ಕಲ್ಲು ತುಂಬಿದ ಟ್ರಾಲಿ ಹಿಂದಕ್ಕೆ ಉರುಳಿದ್ದರೆ?

ಕಳೆದ ತಿಂಗಳು ಮಗನಿಗೆ ಹದಿನೆಂಟು ತುಂಬಿತು. ಕಲಿಕಾ ಲೈಸೆನ್ಸ್ ತಂದು ಕಾರಿನಲ್ಲಿ ಕುಳಿತ. ಪಕ್ಕದಲ್ಲಿ ಕುಳಿತ ನಾನು ರಸ್ತೆಯನ್ನಲ್ಲ, ಅವನ ಎಡಗಾಲನ್ನೇ ನೋಡುತ್ತಿದ್ದೆ. “ಕಾಲ ತೆಗಿ ತಮ್ಮಾ,” ಎಂದೆ. ಅಂದದ್ದು ನಾನಾದರೂ ದನಿ ಕಾಕಾನದೇ ಇತ್ತು.