ಅಪ್ಪಯ್ಯನ ಟ್ಯಾಬುಗಳು

ಲ್ಯಾಪ್‌ಟಾಪ್ ಮುಟ್ಟಿದರೆ ಕೈ ಚುರ್ರೆನ್ನುತ್ತಿತ್ತು. ಬ್ರೌಸರಿನಲ್ಲಿ ಒಂದು ಪುಟ ತೆರೆಯುವಷ್ಟರಲ್ಲಿ ಅಪ್ಪಯ್ಯ ಕಾಫಿ ಕುಡಿದು, ಲೋಟ ತೊಳೆದಿಟ್ಟು ಬಂದು ಕೂತಿರುತ್ತಿದ್ದರು. ಅವಸರವೆಲ್ಲ ನನ್ನದು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರಿಗೆ ಯಾವುದಾದರೂ ನಿಧಾನವಾದರೆ ಗಾಬರಿಯಾಗುವುದಿಲ್ಲ.

ಶಿಫ್ಟ್ ಹಿಡಿದು ಎಸ್ಕೇಪ್ ಒತ್ತಿದೆ. ಯಾವ ಟ್ಯಾಬು ಎಷ್ಟು ಮೆಮೊರಿ ನುಂಗಿದೆ ಎಂಬ ಪಟ್ಟಿ ಬಂತು. ಒಂದು ಪಂಚಾಂಗ, ಒಂದು ತಾಳಮದ್ದಲೆ, ಮಂಡಿನೋವಿನ ಎಣ್ಣೆಯೊಂದು. ಉಳಿದದ್ದೆಲ್ಲ ಲಿಂಗನಮಕ್ಕಿ ಜಲಾಶಯದ ನೀರಿನ ಮಟ್ಟ. ಒಂದೇ ಪುಟ, ದಿನಕ್ಕೊಂದು ಹೊಸ ಟ್ಯಾಬು. ಮುಚ್ಚಿದ್ದು ಒಂದೂ ಇಲ್ಲ.

1964ರಲ್ಲಿ ಆ ಅಣೆಕಟ್ಟು ಮುಗಿದು ಶರಾವತಿ ಕಣಿವೆಯಲ್ಲಿ ಮುಳುಗಿದ ಊರುಗಳಲ್ಲಿ ಅಪ್ಪಯ್ಯನದೂ ಒಂದು. ಜಲಾಶಯ ಭರ್ತಿಯಾದರೆ ನೀರಿನ ಮಟ್ಟ 1819 ಅಡಿ. ಬೇಸಗೆಯಲ್ಲಿ ನೀರು ತೀರಾ ಇಳಿದರೆ ಹಿರೇಭಾಸ್ಕರದ ಮುಳುಗಿದ ಹಳೆಯ ಅಣೆಕಟ್ಟೇ ತಲೆಯೆತ್ತುತ್ತದೆ. ತಮ್ಮ ಮನೆಯ ತಳಪಾಯ ಕಾಣುವುದು ಎಷ್ಟು ಅಡಿಗೆ ಎಂಬುದನ್ನು ಮಾತ್ರ ಅವರು ಈವರೆಗೆ ಬಾಯಿಬಿಟ್ಟಿಲ್ಲ. ಕೇಳಿದರೆ, "ಸುಮ್ನೆ ನೋಡೋದು ಮಾರಾಯ."

"ಹಳೇದನ್ನ ಮುಚ್ಚಬಹುದಲ್ಲ ಅಪ್ಪಯ್ಯ?"

"ನಿನ್ನೆ ಎಷ್ಟಿತ್ತು ಅಂತ ಗೊತ್ತಿಲ್ದೆ ಇವತ್ತು ಇಳಿದಿದ್ದು ಹೆಂಗೆ ಗೊತ್ತಾಗ್ತದೆ?"

ಈ ತರ್ಕಕ್ಕೆ ಕಂಪ್ಯೂಟರ್ ಶಾಸ್ತ್ರದಲ್ಲಿ ಉತ್ತರವಿಲ್ಲ. ಲ್ಯಾಪ್‌ಟಾಪ್ ರಿಪೇರಿಗೆಂದು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೊರಟೆವು. ಅಂಗಡಿಯ ಹುಡುಗ ತಳ ಬಿಚ್ಚಿದ. ಫ್ಯಾನಿನ ಎದುರು ತಾಮ್ರದ ಕೊಳವೆಯ ತುದಿಗೆ ತೆಳ್ಳನೆಯ ತಗಡುಗಳ ಸಾಲು ಇರುತ್ತದಲ್ಲ, ಅದರ ಸಂದಿಯೆಲ್ಲ ಕಟ್ಟಿಹೋಗಿತ್ತು. ಹಾಸಿಗೆಯ ಹತ್ತಿ, ಊದುಬತ್ತಿಯ ಬೂದಿ, ಒಗ್ಗರಣೆಯ ಜಿಡ್ಡು: ನಮ್ಮ ಮನೆಯನ್ನೇ ಅದು ಉಸಿರಾಡಿತ್ತು. "ಹಾಸಿಗೆ ಮೇಲೆ ಇಟ್ಕೋತೀರಾ ಸಾರ್? ಗಾಳಿ ಹೋಗೋ ಕಿಂಡಿ ಕೆಳಗಿರೋದು" ಎಂದ ಹುಡುಗ. ಪ್ರೊಸೆಸರಿನ ಮೇಲೆ ಬಳಿದ ಪೇಸ್ಟ್ ಒಣಗಿ ಹಕ್ಕಳೆಗಟ್ಟಿತ್ತು. ಕಾವು 100 ಡಿಗ್ರಿಯ ಹತ್ತಿರ ಹೋದರೆ ಪ್ರೊಸೆಸರು ತಾನಾಗಿಯೇ ವೇಗ ತಗ್ಗಿಸಿಕೊಂಡು ಬಚಾವಾಗುತ್ತದಂತೆ. ಅಪ್ಪಯ್ಯ ತಲೆದೂಗಿದರು. ಮಗ ಬೈಯುತ್ತಿದ್ದ ಯಂತ್ರ ಏಕಾಏಕಿ ಅವರಿಗೆ ಸಜ್ಜನನಾಗಿ ಕಂಡಿತು.

ಮನೆಗೆ ಬಂದು ಮೇಜಿನ ಮೇಲಿಟ್ಟು ಆನ್ ಮಾಡಿದೆ. ಫ್ಯಾನಿನ ಸದ್ದಿಲ್ಲ. ಮೊದಲಿದ್ದ ಟ್ಯಾಬುಗಳನ್ನೆಲ್ಲ ಬ್ರೌಸರು ಚಕಚಕನೆ ಮರಳಿ ತೆರೆಯಿತು. ಅಪ್ಪಯ್ಯ ಮೊದಲನೆಯದನ್ನು ನೋಡಿದರು, ಎರಡನೆಯದನ್ನು, ಆಮೇಲೆ ಕೊನೆಯದನ್ನು. ಪುಟಗಳೆಲ್ಲ ಹೊಸದಾಗಿ ಲೋಡ್ ಆಗಿ, ಸಾಲಿನುದ್ದಕ್ಕೂ ಇವತ್ತಿನ ಮಟ್ಟವೊಂದೇ.

"ನಿನ್ನೆದೆಲ್ಲ ಎಲ್ಲಿ ಹೋಯ್ತೋ?"

ನಾನು ಕ್ಯಾಷೆ, ರೀಲೋಡ್ ಎಂದೇನೋ ತೊದಲಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಎದ್ದು ಹೋಗಿ ಹಳೆಯ ಡೈರಿ ತಂದರು. ಸ್ಕೇಲು ಹಿಡಿದು ಗೆರೆ ಎಳೆದು ದಿನಾಂಕ, ಅಡಿ, ಷರಾ ಎಂದು ಮೂರು ಕಲಂ ಮಾಡಿದರು. ಇವತ್ತಿನ ಮಟ್ಟ ಬರೆದು, ಷರಾದಲ್ಲಿ "ಯಂತ್ರ ದುರಸ್ತಿ ನಿಮಿತ್ತ ಹಿಂದಿನ ದಾಖಲೆ ಲಭ್ಯವಿರುವುದಿಲ್ಲ" ಎಂದು ಗುಂಡಗೆ ನಮೂದಿಸಿದರು. ಸಹಿ ಹಾಕು ಎಂದು ಪೆನ್ನು ನನ್ನತ್ತ ಚಾಚಿದರು.