ಯಾರ ರಕ್ತ?

ಅಪ್ಪನ ಬೈಪಾಸಿಗೆ ರಕ್ತ ಬೇಕೆಂದಾಗ ಇಂಡಿಯ ಕಾಕಾ, ಸಿಂದಗಿಯ ಮಾವ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ತಮ್ಮಂದಿರು ಬಸ್ಸು ಹತ್ತಿ ವಿಜಯಪುರಕ್ಕೆ ಬಂದರು. ಅಷ್ಟು ರಕ್ತ ಏಕೆ ಬೇಕು ಎಂಬುದೇ ನನ್ನ ಪಿಎಚ್.ಡಿ. ವಿಷಯ.

1953ರಲ್ಲಿ ಜಾನ್ ಗಿಬ್ಬನ್ ಮೊದಲು ಯಶಸ್ವಿಯಾಗಿ ಬಳಸಿದ ಹೃದಯ-ಶ್ವಾಸಕೋಶ ಯಂತ್ರದ ಸಂತತಿ ಈಗ ಬೆಳೆದಿದೆ. ಮಾಮೂಲಿ ಯಂತ್ರದ ಕೊಳವೆಗಳಿಗೆ ಮೊದಲೇ ಸುಮಾರು ಒಂದೂವರೆ ಲೀಟರ್ ದ್ರವ ತುಂಬುತ್ತಾರೆ. ಅದು ಬೆರೆತು ರಕ್ತ ತೆಳುವಾಗುತ್ತದೆ. ಗಿಡ್ಡ ಕೊಳವೆಯ, ತೆರೆದ ತೊಟ್ಟಿಯಿಲ್ಲದ ಪುಟ್ಟ ಯಂತ್ರಕ್ಕೆ ಅದರ ಅರ್ಧ ಸಾಕು. ಆದರೆ ಗಾಳಿ ಹೊಕ್ಕರೆ, ಒಮ್ಮೆಲೇ ರಕ್ತ ಸುರಿದರೆ ಸಂಭಾಳಿಸುವುದು ಕಷ್ಟ.

ಅಪ್ಪನಿಗೆ ಬಳಸಿದ್ದು ಮಾಮೂಲಿಯದೇ. ಕೇಳಿದ್ದಕ್ಕೆ ಯಂತ್ರ ನಡೆಸುವವರು, "ನಮ್ಮ ಕೈ ಪಳಗಿದ್ದು ಇದರ ಮ್ಯಾಲ" ಎಂದರು. ನನ್ನ ಕೋಷ್ಟಕದಲ್ಲಿ ಇದಕ್ಕೆ ಕಾಲಂ ಇರಲಿಲ್ಲ.

ಎಚ್ಚರಾದ ಅಪ್ಪ ಕೇಳಿದ: "ಯಾರ ರಕ್ತ ಹಾಕ್ಯಾರವ್ವಾ?"

ಬ್ಲಡ್ ಬ್ಯಾಂಕಿನವರು ಕೊಟ್ಟದ್ದು ಯಾರದೋ. "ಕಾಕಾಂದಪಾ" ಅಂದೆ.