ಓದದೆ ಒತ್ತಿದ ಗುಂಡಿ

ಮೊನ್ನೆ ಮೊಮ್ಮಗಳು ನನ್ನ ಮೊಬೈಲಿನಲ್ಲಿ ಏನನ್ನೋ ಹುಡುಕಿಕೊಡುತ್ತಿದ್ದಳು. ಪರದೆಯ ಮೇಲೆ ಒಂದು ಸೂಚನೆ ಮೂಡಿತು. ನಾನು ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಅವಳು ಅದನ್ನು ಒತ್ತಿ ಕಳಿಸಿಯಾಗಿತ್ತು. “ಏನಂತ ಬಂದಿತ್ತು ಪುಟ್ಟಿ?” ಎಂದೆ. “ಗೊತ್ತಿಲ್ಲ ಅಜ್ಜ, ಏನೋ ಬಂತು, ಒತ್ತಿದೆ” ಎಂದಳು. ಬಯ್ಯೋಣವೆಂದರೆ ಬಾಯಿ ಬರಲಿಲ್ಲ. 1996ರ ಸೆಪ್ಟೆಂಬರ್ 30ರ ರಾತ್ರಿ ನೆನಪಾಯಿತು.

ಆಗ ನಾನು ಮಲೆನಾಡಿನ ಒಂದು ತಾಲ್ಲೂಕು ಊರಿನ ಬ್ಯಾಂಕ್ ಶಾಖೆಯಲ್ಲಿ ಗುಮಾಸ್ತ. ಲೆಡ್ಜರುಗಳು ಮೂಲೆ ಸೇರಿ ಎರಡು ವರ್ಷವಾಗಿತ್ತು. ಕೌಂಟರಿನ ಕಂಪ್ಯೂಟರುಗಳಿಗೆಲ್ಲ ಲೆಕ್ಕ ಒದಗಿಸುವ ಸರ್ವರ್ ಎಂಬ ಯಂತ್ರವನ್ನು ಗಾಜಿನ ಕೋಣೆಯಲ್ಲಿ ಇಟ್ಟಿದ್ದರು. ನಮಗ್ಯಾರಿಗೂ ಇಲ್ಲದ ಏಸಿ ಅದಕ್ಕಿತ್ತು. ಆ ತಿಂಗಳ ಮೊದಲ ವಾರ ಹಳೆಯ 486 ಯಂತ್ರ ತೆಗೆದು ಹೊಸ ಪೆಂಟಿಯಂ ತಂದಿಟ್ಟರು. ಯಂತ್ರ ಕೂರಿಸಲು ಬಂದ ಹುಡುಗನಿಗೆ ಇಪ್ಪತ್ಮೂರೋ ಇಪ್ಪತ್ನಾಲ್ಕೋ. ಹಳೆಯದರಲ್ಲಿದ್ದ ಕಡತಗಳನ್ನು ಫ್ಲಾಪಿಗಳಿಗೆ ತುಂಬಿ ಹೊಸದಕ್ಕೆ ಸಾಗಿಸುವ ಕೆಲಸಕ್ಕೆ ಅವನ ಜೊತೆ ನನ್ನನ್ನು ಹಾಕಿದರು.

ಹೊಸ ಯಂತ್ರ ಬಂದ ಮೇಲೆ ಪಾಸ್‌ಬುಕ್ ಅಚ್ಚು ಹಾಕುವುದು ಯಾಕೋ ತಡವಾಗುತ್ತಿತ್ತು. ಹೊಸತಲ್ಲವೇ, ಪಳಗಲಿ ಎಂದುಕೊಂಡೆವು, ಎತ್ತಿಗೆ ಹೇಳುವ ಹಾಗೆ!

ಸೆಪ್ಟೆಂಬರ್ 30 ಉಳಿತಾಯ ಖಾತೆಗಳಿಗೆ ಅರ್ಧ ವರ್ಷದ ಬಡ್ಡಿ ಹಾಕುವ ದಿನ. ಈಗಿನಂತೆ ದಿನದಿನದ ಬಾಕಿಗೆ ಬಡ್ಡಿ ಸಿಗುತ್ತಿರಲಿಲ್ಲ, ಅದು ಬಂದದ್ದು 2010ರ ಏಪ್ರಿಲ್‌ನಲ್ಲಿ. ಆಗ ಪ್ರತಿ ತಿಂಗಳು 10ನೇ ತಾರೀಕಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿದ್ದ ಅತಿ ಕಡಿಮೆ ಮೊತ್ತ ಹಿಡಿದು ಅದಕ್ಕೆ ನೂರಕ್ಕೆ ನಾಲ್ಕೂವರೆ. ಹತ್ತನೇ ತಾರೀಕಿನೊಳಗೆ ಹಣ ಕಟ್ಟಲು ಹಿರಿಯರು ಓಡಿಬರುತ್ತಿದ್ದುದು ಅದಕ್ಕೇ. ನಮ್ಮಲ್ಲಿ ಸುಮಾರು 6,000 ಖಾತೆಗಳು, ಆರು ತಿಂಗಳಲ್ಲಿ ಸುಮಾರು 80,000 ಜಮಾ-ಖರ್ಚುಗಳು. ಲೆಡ್ಜರಿನ ಕಾಲದಲ್ಲಿ ಇದು ನಾಲ್ವರ ಹದಿನೈದು ದಿನದ ಕೆಲಸ. ಹಳೆಯ ಯಂತ್ರ ಎರಡು ಗಂಟೆಯೊಳಗೆ ಮುಗಿಸುತ್ತಿತ್ತು.

ರಾತ್ರಿ 8ಕ್ಕೆ ಆ ಕೆಲಸಕ್ಕೆ ಹಚ್ಚಿದೆವು. ಒಂಬತ್ತೂವರೆಗೆ ನೋಡಿದರೆ 340 ಖಾತೆಯೂ ಮುಗಿದಿಲ್ಲ. ಒಂದೊಂದಕ್ಕೆ 16 ಸೆಕೆಂಡು. ಮಕ್ಕಳೇ, 6,000ಕ್ಕೆ ಎಷ್ಟಾಯಿತು, ಗುಣಿಸಿ ನೋಡಿ: 96,000 ಸೆಕೆಂಡು, ಅಂದರೆ 26 ಗಂಟೆ 40 ನಿಮಿಷ. ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆರೆಯಬೇಕು. ಒಂದನೇ ತಾರೀಕು, ಪಿಂಚಣಿಗೆ ಬರುವವರ ದಿನ. ಮರುದಿನ ಗಾಂಧಿ ಜಯಂತಿ, ರಜೆ. ಮಂಗಳವಾರ ಹಣ ಸಿಗದಿದ್ದರೆ ಗುರುವಾರದವರೆಗೆ ಕಾಯಬೇಕು. ಹತ್ತಾರು ಮೈಲಿಯಿಂದ ಬಸ್ಸಿಗೆ ಸಾಲ ಮಾಡಿ ಬರುವವರಿದ್ದರು.

ಮ್ಯಾನೇಜರರು ಹುಡುಗನನ್ನು ಹಿಡಿದುಕೊಂಡರು. “ಏನ್ರೀ ತಂದಿಟ್ಟಿದ್ದೀರಿ? ಇದಕ್ಕಿಂತ ಹಳೇದೇ ವಾಸಿಯಿತ್ತಲ್ರೀ!” ಅವನು ಕೆಲಸ ನಿಲ್ಲಿಸಿ ಯಂತ್ರ ಆರಿಸಿ ಹೊತ್ತಿಸಿದ, ತಂತಿ ಬದಲಿಸಿದ, ಬೇರೆ ಕಂಪ್ಯೂಟರುಗಳನ್ನೆಲ್ಲ ಬಂದ್ ಮಾಡಿಸಿದ, ಮುಚ್ಚಳ ಬಿಚ್ಚಿ ಒಳಗೆ ಇಣುಕಿದ. ಮತ್ತೆ ಅದೇ 16 ಸೆಕೆಂಡು. ಹುಡುಗನ ಊಟವೂ ಆಗಿರಲಿಲ್ಲ. ಮ್ಯಾನೇಜರರು ಅವನ ಕಂಪನಿಗೆ ದೂರು ಬರೆಯುತ್ತೇನೆಂದು ಕಾಗದವನ್ನೇ ತೆಗೆದರು.

ನಾನು ಪರದೆಯ ಮುಂದೆ ಕೈಗಡಿಯಾರ ಹಿಡಿದು ಕೂತಿದ್ದೆ. ಪರದೆಯಲ್ಲಿ ಖಾತೆಯ ಸಂಖ್ಯೆ ಓಡುತ್ತಿತ್ತು, ಆ ಸಂಖ್ಯೆಗಳ ಹಿಂದಿನ ಮುಖಗಳೆಲ್ಲ ನನಗೆ ಗೊತ್ತು. ವಾರಕ್ಕೆರಡು ಸಲ ಹಣ ತೆಗೆಯುವ ಹೈಸ್ಕೂಲು ಮೇಷ್ಟ್ರ ಖಾತೆಗೆ 16 ಸೆಕೆಂಡು. ಅದರ ಮುಂದಿನದು ಆರು ತಿಂಗಳಿಂದ ಯಾರೂ ಮುಟ್ಟದ ಖಾತೆ. ಅದಕ್ಕೂ 16! ಕೂಡಿಸಲು ಏನೂ ಇಲ್ಲದ ಖಾತೆಗೆ ಯಾಕೆ ಅಷ್ಟು ಹೊತ್ತು? ಹಾಗಾದರೆ ತಡವಾಗುತ್ತಿದ್ದುದು ಲೆಕ್ಕ ಹಾಕುವುದರಲ್ಲಿ ಅಲ್ಲ, ಹುಡುಕುವುದರಲ್ಲಿ.

ನಮ್ಮ ಕಾಲದಲ್ಲಿ ಎರಡು ಥರದ ಪುಸ್ತಕಗಳಿದ್ದವು. ಡೇ ಬುಕ್ಕಿನಲ್ಲಿ ಎಲ್ಲರ ವ್ಯವಹಾರವೂ ತಾರೀಕಿನ ಪ್ರಕಾರ ಬೆರೆತು ಬರೆದಿರುತ್ತಿತ್ತು. ಲೆಡ್ಜರಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಪುಟ, ಜೊತೆಗೆ ಯಾರದು ಎಷ್ಟನೇ ಪುಟವೆಂದು ತೋರಿಸುವ ಇಂಡೆಕ್ಸು. ಲೆಡ್ಜರ್ ಇಲ್ಲದೆ ಒಬ್ಬರ ಲೆಕ್ಕ ಕೇಳಿದರೆ ಆರು ತಿಂಗಳ ಡೇ ಬುಕ್ಕುಗಳನ್ನು ಮೊದಲಿಂದ ಕೊನೆಯವರೆಗೆ ಮಗುಚಬೇಕು. ಮುಂದಿನವರಿಗೆ ಮತ್ತೆ ಮೊದಲಿಂದ. ಯಂತ್ರ ಮಾಡುತ್ತಿದ್ದುದು ಅದನ್ನೇ. 80,000 ಸಾಲು, 6,000 ಸಲ: 48 ಕೋಟಿ ಸಾಲು ಓದಬೇಕಿತ್ತು ಪಾಪ.

“ಇದಕ್ಕೂ ಇಂಡೆಕ್ಸ್ ಅಂತ ಏನಾದರೂ ಇರುತ್ತೇನಪ್ಪಾ?” ಎಂದು ಕೇಳಿದೆ. “ಇರುತ್ತೆ ಸಾರ್, ಸಿಡಿಎಕ್ಸ್ ಅಂತ ಕೊನೆಯಾಗೋ ಕಡತ” ಎಂದ.

ನನ್ನ ಹೊಟ್ಟೆಯೊಳಗೆ ತಣ್ಣಗಾಯಿತು. ಕಡತ ಸಾಗಿಸಿದ ದಿನ ಫ್ಲಾಪಿಗಳು ಸಾಲದೆ ಬಂದಿದ್ದವು. ಎಲ್ಲವನ್ನೂ ತುಂಬಿ ಎಂದು ಅವನು ಹೇಳಿದ್ದ. ಆದರೆ ಹೆಸರಿನ ಕೊನೆಗೆ ಡಿಬಿಎಫ್ ಎಂದಿರುವುದೇ ಲೆಕ್ಕ, ಉಳಿದದ್ದು ಕಸ ಎಂದು ನಾನೇ ತೀರ್ಮಾನಿಸಿ ಸಿಡಿಎಕ್ಸ್‌ಗಳನ್ನು ಬಿಟ್ಟಿದ್ದೆ. ಅವನು ಕಾಫಿಗೆ ಹೋದಾಗ ಹೊಸ ಯಂತ್ರದಲ್ಲಿ ತೆರೆದು ನೋಡಿದರೆ, ಯಾವುದೋ ಕಡತ ಸಿಗುತ್ತಿಲ್ಲವೆಂದು ಇಂಗ್ಲಿಷಿನಲ್ಲಿ ಬಂತು. ಕೆಳಗೆ ‘ಇಗ್ನೋರ್’ ಎಂದಿತ್ತು. ಒತ್ತಿದೆ. ಆ ಸೂಚನೆ ಮತ್ತೆ ಬರಲೇ ಇಲ್ಲ. ನಾನೂ ಯಾರಿಗೂ ಹೇಳಲಿಲ್ಲ.

ಈಗಲೂ ಹೇಳದೆ ಇರಬಹುದಿತ್ತು. ಇಂಡೆಕ್ಸ್ ಇಲ್ಲವೆಂದು ಅವನೇ ಕಂಡುಹಿಡಿಯುತ್ತಿದ್ದ, ತಪ್ಪೂ ಅವನ ತಲೆಗೇ ಹೋಗುತ್ತಿತ್ತು. ನಿಜ ಹೇಳುತ್ತೇನೆ, ಒಂದೆರಡು ನಿಮಿಷ ಸುಮ್ಮನೇ ಇದ್ದೆ. ಮ್ಯಾನೇಜರರು ದೂರಿನಲ್ಲಿ ಹುಡುಗನ ಹೆಸರು ಬರೆಯಲು ಸ್ಪೆಲ್ಲಿಂಗ್ ಕೇಳಿದರು. ಅವನು ಒಂದೊಂದೇ ಅಕ್ಷರ ಹೇಳತೊಡಗಿದ. ಆಗ ಎದ್ದು ನಿಂತು, “ಸಾರ್, ಅದು ನನ್ನ ತಪ್ಪು” ಎಂದೆ.

ಮ್ಯಾನೇಜರರು ಪೆನ್ನು ಮುಚ್ಚಿದರು. ಏನೂ ಅನ್ನಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಹುಡುಗ ಸಂಜೆ ತೆಗೆದಿಟ್ಟಿದ್ದ ನಕಲನ್ನು ವಾಪಸು ಹಾಕಿ, ಖಾತೆಯ ಸಂಖ್ಯೆಯ ಮೇಲೆ ಹೊಸದಾಗಿ ಇಂಡೆಕ್ಸ್ ಕಟ್ಟಿಸಿದ. ಅದಕ್ಕೆ ಹಿಡಿದದ್ದು ಹತ್ತು ನಿಮಿಷ. ಮತ್ತೆ ಬಡ್ಡಿ ಶುರು ಮಾಡಿದರೆ ಪರದೆಯ ಮೇಲಿನ ಸಂಖ್ಯೆಗಳನ್ನು ಕಣ್ಣಲ್ಲಿ ಹಿಡಿಯಲಾಗಲಿಲ್ಲ. ಒಂದು ಗಂಟೆಯೂ ಆಗಲಿಲ್ಲ, ಮುಗಿಯಿತು. ಹತ್ತು ಖಾತೆ ಆರಿಸಿ ನಾನು ಕೈಯಲ್ಲಿ ಲೆಕ್ಕ ಹಾಕಿ ನೋಡಿದೆ. ಪೈಸೆ ಪೈಸೆ ತಾಳೆಯಾಯಿತು. ಹುಡುಗನನ್ನು ಮನೆಗೆ ಕರೆದೊಯ್ದಾಗ ರಾತ್ರಿ ಎರಡು ಗಂಟೆ. ನನ್ನವಳು ನಿದ್ದೆಗಣ್ಣಲ್ಲೇ ಅವಲಕ್ಕಿ ಕಲಸಿ ಕೊಟ್ಟಳು.

ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆರೆದಾಗ ಪಿಂಚಣಿಯವರ ಸಾಲು ರಸ್ತೆಯವರೆಗಿತ್ತು. ಹುಡುಗ ಊರಿಗೆ ಹೊರಡುವ ಮುಂಚೆ ಒಂದು ಚೀಟಿ ಬರೆದು ಸರ್ವರಿನ ಮೇಲೆ ಅಂಟಿಸಿದ: “ಪರದೆಯ ಮೇಲೆ ಏನಾದರೂ ಬಂದರೆ ಓದಿ, ಬರೆದಿಟ್ಟುಕೊಳ್ಳಿ, ಒತ್ತಬೇಡಿ.” ನನ್ನ ಹೆಸರು ಅದರಲ್ಲಿ ಇರಲಿಲ್ಲ, ಆದರೆ ಯಾರಿಗಾಗಿ ಬರೆದದ್ದೆಂದು ಇಡೀ ಶಾಖೆಗೆ ಗೊತ್ತಿತ್ತು. ನನಗೆ ವರ್ಗವಾಗುವವರೆಗೂ ಅದು ಅಲ್ಲೇ ಇತ್ತು.